ಪರದೇಶಿಗೆ ಹೊಣೆ ಯಾರು?

ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಯಾರಾದರೂ ಜಗಲಿಯ ಮೇಲೆ ಮೋರೆ ಇಳಿಬಿಟ್ಟುಕೊಂಡು ಕೂತಿದ್ದರೆ, "ಯಾಕ್ಲಾ, ಪರ್ದೇಸಿ ಕೂತಂಗ್ ಕೂತಿದ್ದೀಯೆ" ಎಂದು ದಾರಿಹೋಕರೂ ಕೇಳುತ್ತಾರೆ. ಅಪ್ಪ ಅಮ್ಮನನ್ನು ಕಳೆದುಕೊಂಡು ಚಿಕ್ಕಪ್ಪನ ಮನೆ ಸೇರಿದ ಮಗು ಪರದೇಶಿ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಒಬ್ಬಳೇ ಉಳಿದ ಮುದುಕಿಯೂ ಪರದೇಶಿ. ಇವರಲ್ಲಿ ಯಾರೂ ಪರದೇಶ ಕಂಡವರಲ್ಲ, ಕೆಲವರು ಮೈಸೂರನ್ನೇ ಸರಿಯಾಗಿ ಕಂಡಿರುವುದಿಲ್ಲ. ನಿಜವಾಗಿ ಪರದೇಶದಲ್ಲಿರುವವನ ವಿಷಯ ಬಂದರೆ ಅದೇ ಬಾಯಿ ಬೇರೆ ಮಾತಾಡುತ್ತದೆ: "ಅವ್ನಿಗೇನ್ ಬುಡಿ, ಫಾರಿನ್ನಲ್ಲವ್ನೆ." ದುಬೈನಲ್ಲಿ ಕೆಲಸ ಮಾಡುವವನನ್ನು ಪರದೇಶಿ ಎಂದು ಕರೆದು ನೋಡಿ, ಅವನ ತಾಯಿ ಜಗಳಕ್ಕೇ ಬರುತ್ತಾಳೆ.

ಹೀಗೆ ಪರದೇಶಕ್ಕೂ ಪರದೇಶಿಗೂ ನಂಟೇ ಹರಿದುಹೋಗಿದೆ. ಮರ್ಯಾದೆಯ ಕೆಲಸವನ್ನೆಲ್ಲ 'ವಿದೇಶಿ' ಎತ್ತಿಕೊಂಡಿತು. ವಿದೇಶಿ ಬಂಡವಾಳ, ವಿದೇಶಿ ವಿನಿಮಯ, ವಿದೇಶಿ ಮದ್ಯ. ಪರದೇಶಿ ಬಂಡವಾಳ ಬರುತ್ತದೆ ಎಂದು ಮಂತ್ರಿಗಳು ಹೇಳಿದರೆ ಸಭೆ ನಕ್ಕುಬಿಟ್ಟೀತು. ಪರದೇಶಿಗೊಂದು ದಾಯಾದಿ ಪದವೂ ಇದೆ, 'ದೇಶಾವರಿ'. ದೇಶಾವರ ಎಂದರೂ ಹೊರನಾಡೇ. ಹೊರನಾಡಿನವರ ಜೊತೆ ನಡೆಸುವ ಮೇಲುಮೇಲಿನ ವ್ಯವಹಾರದಿಂದಲೇ ನಮಗೆ ದೇಶಾವರಿ ನಗೆ, ದೇಶಾವರಿ ಮಾತು ಬಂದಿರಬೇಕು. ದೇಶಾವರಿ ಹಲ್ಲು ಕಿರಿಯುತ್ತ ಹೇಗೋ ಬದುಕಿಕೊಂಡಿತು, ಪರದೇಶಿ ಮಾತ್ರ ಬೀದಿಗೆ ಬಿತ್ತು.

ತಪ್ಪು 'ಪರ'ದ್ದೇನಲ್ಲ. ಸಂಸ್ಕೃತದ ಪರಕ್ಕೆ ಬೇರೆ ಎಂಬ ಅರ್ಥವೂ ಇದೆ, ಎಲ್ಲಕ್ಕಿಂತ ಮೇಲಿನದು ಎಂಬ ಅರ್ಥವೂ ಇದೆ. ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ್ದು ಪರವಾಸುದೇವನ ಗುಡಿ. ಅಲ್ಲಿ ಪರ ಎಂದರೆ ಪರಮ. ಅದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ, ಒಂದು ರಸ್ತೆ ಊಟಿಗೂ ಇನ್ನೊಂದು ಕೇರಳಕ್ಕೂ ಸೀಳುವ ಕಡೆ, ಚೀಲ ತಬ್ಬಿಕೊಂಡು ಮಲಗಿದವನು ಪರದೇಶಿ.

ಇವನ ಪೂರ್ವಜರು ಹೀಗಿರಲಿಲ್ಲ. ಐಹೊಳೆಯ ಐನೂರ್ವರೆಂಬ ವರ್ತಕ ಸಂಘದ ಶಾಸನಗಳ ಲೋಕದಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬವು ವ್ಯಾಪಾರಿಗಳ ಪಂಗಡಗಳು. 11ನೆಯ ಶತಮಾನದ ನಡುವಿನ ಶಿಕಾರಿಪುರದ ಶಾಸನವೊಂದು ಇವರ ಓಡಾಟವನ್ನು ಉಸಿರು ಕಟ್ಟುವಷ್ಟು ಉದ್ದಕ್ಕೆ ಹೊಗಳುತ್ತದೆ. ಚೇರ, ಚೋಳ, ಪಾಂಡ್ಯದಿಂದ ಮಗಧ, ನೇಪಾಳ, ಪಾರಸದವರೆಗೆ ನಾಡುಗಳು, ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಇವನ್ನು ಹೊರುವ ಕತ್ತೆ ಕೋಣಗಳು. ಸುಮಾತ್ರದ ಬಾರುಸ್‌ನಲ್ಲಿ 1088ರಲ್ಲಿ ಐನೂರ್ವರು ತಮಿಳಿನಲ್ಲಿ ಶಾಸನ ಹಾಕಿಸಿದ್ದಾರೆ. ಬರ್ಮಾದ ಪಗಾನ್‌ನಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣುಗುಡಿ ಇತ್ತು. ಆ ಕಾಲದ ಪರದೇಶಿ ಒಂದು ಸಂತೆಗೆ ಬಂದನೆಂದರೆ ಊರಿನವರು ಅವನ ಬೆನ್ನಹಿಂದಿನ ಐನೂರ್ವರನ್ನು ನೋಡುತ್ತಿದ್ದರು. ಸಾಲ ಮುಳುಗಿಸಿದರೆ ಹಿಡಿಯಲು ಸಂಘವಿತ್ತು, ದಾರಿಯಲ್ಲಿ ಕೊಳ್ಳೆ ಹೋದರೆ ಕೇಳಲೂ ಸಂಘವೇ ಇತ್ತು.

ನಮ್ಮ ಹರದನಹಳ್ಳಿಯ ಹೆಸರಿನಲ್ಲೂ ಇಂಥ ಒಬ್ಬ ವ್ಯಾಪಾರಿ ಕೂತಿದ್ದಾನೆಂದು ನನ್ನ ನಂಬಿಕೆ. (ದೇವೇಗೌಡರ ಹರದನಹಳ್ಳಿ ಬೇರೆ, ಅದು ಹೊಳೆನರಸೀಪುರದ್ದು. ನಾನು ಹೇಳುತ್ತಿರುವುದು ಚಾಮರಾಜನಗರದ ಪಕ್ಕದ್ದು, ದಿವ್ಯಲಿಂಗೇಶ್ವರನ ಗುಡಿಯದ್ದು.) ಹಳಗನ್ನಡದಲ್ಲಿ ಪರದ ಎಂದರೆ ವ್ಯಾಪಾರಿ, ಪರದು ಎಂದರೆ ವ್ಯಾಪಾರ. ಪಾಲು ಹಾಲಾಗಿ, ಪಳ್ಳಿ ಹಳ್ಳಿಯಾದ ಕಾಲದಲ್ಲಿ ಪರದನೂ ಹರದನಾದ. ಪರದನನ್ನೂ ಪರದೇಶಿಯನ್ನೂ ಒಂದೇ ಬಳ್ಳಿಗೆ ಕಟ್ಟುವ ಆಸೆ ಯಾರಿಗಾದರೂ ಬರುತ್ತದೆ, ಬಂದರೆ ತಡೆದುಕೊಳ್ಳಬೇಕು. ಕಿವಿಗೆ ಒಂದೇ ಎನಿಸಿದ್ದು ನಿಘಂಟಿಗೆ ಒಂದಾಗಬೇಕಿಲ್ಲ.

ಈ ಊರಿನಿಂದ ಹೊರಟ ಅತಿ ದೊಡ್ಡ ಸಂಚಾರಿ ವ್ಯಾಪಾರಿಯಲ್ಲ. ಹರದನಹಳ್ಳಿಯಲ್ಲಿ ಹುಟ್ಟಿ, ಇಲ್ಲಿನ ಗೋಸಲ ಚನ್ನಬಸವೇಶ್ವರರಿಗೆ ಶಿಷ್ಯರಾಗಿ, ನಾಡು ತಿರುಗಿ, ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತು, ಎಡೆಯೂರಿನಲ್ಲಿ ನೆಲೆನಿಂತವರು ತೋಂಟದ ಸಿದ್ಧಲಿಂಗರು. ಅವರ ಜೊತೆ 701 ವಿರಕ್ತರು ಸಂಚರಿಸಿದರೆಂದು ಪರಂಪರೆ ಹೇಳುತ್ತದೆ. ಮನೆಮಠ ಬಿಟ್ಟು ಅಲೆಯುವವನಿಗೆ ತಮಿಳಿನಲ್ಲಿ ಪರದೇಶಿ ಎಂದೇ ಹೆಸರು. ಆದರೆ ಸಿದ್ಧಲಿಂಗರನ್ನು ಆ ಹೆಸರಿನಿಂದ ಕರೆಯಲು ಯಾರಿಗೂ ನಾಲಗೆ ಏಳುವುದಿಲ್ಲ, ಅವರು ಜಂಗಮ. ಯಾವ ಊರಿಗೆ ಹೋದರೂ "ಯಾವ ಪೀಠ, ಯಾರ ಶಿಷ್ಯರು" ಎಂದು ಕೇಳಿದರೆ ಉತ್ತರವಿತ್ತು. ಅಲೆದಾಟ ಇಬ್ಬರದೂ ಒಂದೇ. ಒಬ್ಬನಿಗೆ ಹೊಣೆ ನಿಲ್ಲುವವರಿದ್ದಾರೆ, ಇನ್ನೊಬ್ಬನಿಗಿಲ್ಲ.

ಪದ ಬಿದ್ದದ್ದೂ ಇಲ್ಲೇ ಇರಬೇಕು. ವರ್ತಕ ಸಂಘಗಳು ಕರಗಿದ ಮೇಲೆ ದೂರದಿಂದ ಬಂದವನು ಬರೀ ದೂರದಿಂದ ಬಂದವನಾದ. ಬರಗಾಲದಲ್ಲಿ, ದಂಡು ಹಾದುಹೋದ ಮೇಲೆ, ಛತ್ರದ ಬಾಗಿಲಲ್ಲಿ ನಿಂತ ಇಂಥವರನ್ನೇ ಊರು ಹೆಚ್ಚಾಗಿ ಕಂಡಿರಬೇಕು. ಆಮೇಲೆ ದೂರ ಎಂಬ ಅರ್ಥ ಕಳಚಿಬಿದ್ದು ಗತಿಗೇಡು ಮಾತ್ರ ಉಳಿಯಿತು. ಇದು ನಮ್ಮೊಬ್ಬರ ಕಥೆಯೂ ಅಲ್ಲ. ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಅವರ ತಾಯ್ನುಡಿ ಜರ್ಮನ್‌ನಲ್ಲಿ 'ಎಲೆಂಡ್' ಎಂದರೆ ದೈನ್ಯ, ದುರ್ಗತಿ. ಅದರ ಹಳೆಯ ಅರ್ಥ ಬೇರೆ ನಾಡು, ಪರದೇಶ. ಇಂಗ್ಲಿಷಿನ 'ರೆಚ್', ಅಂದರೆ ದರಿದ್ರ ಪ್ರಾಣಿ, ಹಿಂದೆ ಗಡೀಪಾರಾದವನಾಗಿದ್ದ. ಮಲಯಾಳಿಗಳು ಮಾತ್ರ ಪದದ ಮಾನ ಕಾಪಾಡಿಕೊಂಡರು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿ ಮಂದಿರ ಇವತ್ತಿಗೂ ಪರದೇಶಿ ಸಿನಗಾಗ್. ಹಿಂದಿಯ ಹಾಡುಗಳಲ್ಲಂತೂ ಪರದೇಸಿ ಎಂದರೆ ಕೈಕೊಟ್ಟು ಹೋಗುವ ಚೆಲುವ, ಅವನಿಗೆ ಊಟದ ಚಿಂತೆ ಇರುವಂತೆ ಕಾಣುವುದಿಲ್ಲ.

ಈ ಪದದ ಹಳೆಯ ಮುಖ, ಹೊಸ ಮುಖ ಎರಡನ್ನೂ ಒಟ್ಟಿಗೆ ಹೊತ್ತು ತಿರುಗುವವರು ಇವತ್ತು ಯಾರು ಎಂದು ಕೇಳಿದರೆ ನಾನು ಫಿಸಿಯೋಥೆರಪಿಸ್ಟರನ್ನು ತೋರಿಸುತ್ತೇನೆ. ಈ ಕಡೆಯ ಹಳ್ಳಿಗಳಿಂದ ಮೈಸೂರು, ಬೆಂಗಳೂರಿಗೆ ಹೋಗಿ ಫಿಸಿಯೋಥೆರಪಿಯ ಪದವಿಯಾದ ಬಿಪಿಟಿ ಓದಿದ ಹುಡುಗ ಹುಡುಗಿಯರು ಇದ್ದಾರೆ. ಅವರು ಓದಿದ ಕಾಲಕ್ಕೆ ನಾಲ್ಕು ವರ್ಷ ಪಾಠ, ಆರು ತಿಂಗಳು ಇಂಟರ್ನ್‌ಶಿಪ್. ಇಲ್ಲಿ ಸಿಗುವ ಸಂಬಳದ ಲೆಕ್ಕ ಹಾಕಿದ ಮೇಲೆ ಹಲವರ ಕಣ್ಣು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕೊಲ್ಲಿ ದೇಶಗಳ ಕಡೆ ಹೊರಳುತ್ತದೆ. ಅಮೆರಿಕದ ಕಡತದಲ್ಲಿ ಇವರಿಗೆ ಸಿಗುವ ಹೆಸರು 'ಫಾರಿನ್ ಎಜುಕೇಟೆಡ್', ಪರದೇಶದಲ್ಲಿ ಓದಿದವರು. ಆ ಪರದೇಶ ನಮ್ಮ ಜಯನಗರ ನಾಲ್ಕನೇ ಟಿ ಬ್ಲಾಕ್. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಅಲ್ಲಿ.

ಅಂಕಪಟ್ಟಿಯ ಪ್ರಯಾಣವನ್ನು ಹತ್ತಿರದಿಂದ ನೋಡಬೇಕು. ಅಭ್ಯರ್ಥಿ ತನ್ನ ಅಂಕಪಟ್ಟಿಯನ್ನು ತಾನೇ ಕೊಟ್ಟರೆ ನಡೆಯುವುದಿಲ್ಲ, ಓದಿಸಿದ ಸಂಸ್ಥೆಯೇ ನೇರವಾಗಿ ಕಳಿಸಬೇಕು. ಕಾಗದದಲ್ಲಿ ಕಳಿಸುವುದಾದರೆ ಲಕೋಟೆಗೆ ಹಾಕಿ, ಅಂಟಿಸಿ, ಅಂಟಿಸಿದ ಅಂಚಿನ ಮೇಲೆ ಅರ್ಧ ಲಕೋಟೆಗೂ ಅರ್ಧ ಮುಚ್ಚಳಕ್ಕೂ ಬೀಳುವಂತೆ ಸಹಿ, ಅದರ ಮೇಲೆ ಮೊಹರು. ಜೊತೆಗೆ ಸಿಲೆಬಸ್ ಪೂರ್ತಿ. ಅಂಗರಚನೆಗೆ ಎಷ್ಟು ಗಂಟೆ, ಎಲೆಕ್ಟ್ರೋಥೆರಪಿಗೆ ಎಷ್ಟು, ವಾರ್ಡಿನಲ್ಲಿ ಎಷ್ಟು. ಅಮೆರಿಕದಲ್ಲಿ ಎಫ್‌ಸಿಸಿಪಿಟಿ ಎಂಬ ಸಂಸ್ಥೆ ಆ ಗಂಟೆಗಳನ್ನು ತಮ್ಮ ಕೋರ್ಸಿನ ಪಕ್ಕದಲ್ಲಿಟ್ಟು ಸಾಲುಸಾಲಾಗಿ ತೂಗುತ್ತದೆ. ಕೊಲ್ಲಿ ದೇಶಗಳಿಗೆ ಹೋಗುವವರು ಡೇಟಾಫ್ಲೋ ಎಂಬ ಕಂಪನಿಯ ಮೂಲಕ ಹಾಯಬೇಕು. ಅದು ಕಾಲೇಜು, ವಿಶ್ವವಿದ್ಯಾಲಯ, ಹಿಂದೆ ಕೆಲಸ ಮಾಡಿದ ಆಸ್ಪತ್ರೆ ಎಲ್ಲಕ್ಕೂ ಬರೆದು "ಇವರು ನಿಮ್ಮವರೇ ಹೌದೇ" ಎಂದು ಕೇಳುತ್ತದೆ. ಆಸ್ಟ್ರೇಲಿಯಾದ ಫಿಸಿಯೋಥೆರಪಿ ಕೌನ್ಸಿಲ್ ಕಾಗದ ನೋಡಿ, ಲಿಖಿತ ಪರೀಕ್ಷೆ ಮಾಡಿ, ಆಮೇಲೆ ಹೃದಯ-ಶ್ವಾಸಕೋಶ, ಮೂಳೆ-ಸ್ನಾಯು, ನರ ಈ ಮೂರು ವಿಭಾಗಗಳಲ್ಲಿ ರೋಗಿಯ ಮುಂದೆಯೇ ನಿಲ್ಲಿಸಿ ಕೈ ನೋಡುತ್ತದೆ. ಬ್ರಿಟನ್ನಿನ ನಿಯಂತ್ರಣ ಮಂಡಳಿ ಎಚ್‌ಸಿಪಿಸಿ ಎಲ್ಲರಿಗೂ ಪರೀಕ್ಷೆ ಇಡುವುದಿಲ್ಲ, ಕಾಗದದಲ್ಲಿ ಕೊರತೆ ಕಂಡರೆ ಮಾತ್ರ ಮೇಲ್ವಿಚಾರಣೆಯಲ್ಲಿ ಕೆಲಸ ಅಥವಾ ಪರೀಕ್ಷೆ.

ಇದೆಲ್ಲ ಬರೀ ಕಿರುಕುಳ ಎಂದು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಡಾಕ್ಟರು ಚೀಟಿ ಬರೆದ ಮೇಲೆ ರೋಗಿ ಫಿಸಿಯೋಥೆರಪಿಗೆ ಬರುತ್ತಾನೆ. ಅಮೆರಿಕದ 50 ರಾಜ್ಯಗಳಲ್ಲೂ ಒಂದಲ್ಲ ಒಂದು ಮಟ್ಟಿಗೆ ರೋಗಿ ಚೀಟಿಯಿಲ್ಲದೆ ನೇರ ಬರಬಹುದು. ಸೊಂಟನೋವು ಎಂದು ಬಂದವನ ನೋವು ಸೊಂಟದ್ದೋ, ಮೂತ್ರಪಿಂಡದ್ದೋ, ಬೆನ್ನುಮೂಳೆಗೆ ಹಬ್ಬಿದ ಗಡ್ಡೆಯದೋ ಎಂದು ಅನುಮಾನಿಸಬೇಕಾದವನು ಮೊದಲು ಮುಟ್ಟಿದ ಥೆರಪಿಸ್ಟೇ. ನಮ್ಮ ಸಿಲೆಬಸ್‌ನಲ್ಲಿ ಆ ಪಾಠಕ್ಕೆ ಗಂಟೆ ಕಡಿಮೆಯಾದರೆ ಅವರು ಕೇಳುವುದು ನ್ಯಾಯವೇ. ಆದರೆ ಅವರು ಗಡಿಕಲ್ಲನ್ನೂ ಸರಿಸುತ್ತ ಹೋಗುತ್ತಾರೆ. ಹಿಂದೆ ಅಲ್ಲೂ ಪದವಿ ಸಾಕಿತ್ತು, ಆಮೇಲೆ ಸ್ನಾತಕೋತ್ತರ ಬೇಕಾಯಿತು, 2015ರ ಕೊನೆಯ ಹೊತ್ತಿಗೆ ಎಲ್ಲ ಕಾಲೇಜುಗಳೂ ಡಿಪಿಟಿ ಎಂಬ ಡಾಕ್ಟರೇಟ್ ಕೊಡಬೇಕೆಂದಾಯಿತು. ಹೊರಗಿನಿಂದ ಬಂದವರ ಅಳತೆಗೋಲೂ ಅದರ ಜೊತೆಗೇ ಉದ್ದವಾಯಿತು.

2010ರ ಜುಲೈನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅಮೆರಿಕದ ಲೈಸೆನ್ಸ್ ಪರೀಕ್ಷೆಯಾದ ಎನ್‌ಪಿಟಿಇಯ ಪ್ರಶ್ನೆಗಳು ಸೋರಿ ಹಂಚಿಕೆಯಾಗುತ್ತಿವೆ ಎಂದು ಅದನ್ನು ನಡೆಸುವ ಒಕ್ಕೂಟ ಭಾರತ, ಪಾಕಿಸ್ತಾನ, ಫಿಲಿಪೀನ್ಸ್, ಈಜಿಪ್ಟ್ ಈ ನಾಲ್ಕು ದೇಶಗಳಲ್ಲಿ ಓದಿದ ಎಲ್ಲರನ್ನೂ ಪರೀಕ್ಷೆಯಿಂದ ತಡೆಹಿಡಿಯಿತು. ಆಮೇಲೆ ಅವರಿಗೇ ಬೇರೆ ಪ್ರಶ್ನೆಪತ್ರಿಕೆ ತಯಾರಿಸಿತು. ಪ್ರಶ್ನೆ ಕಣ್ಣಲ್ಲೂ ನೋಡದ ಹುಡುಗಿಯೂ ಮನೆಯಲ್ಲಿ ಕೂರಬೇಕಾಯಿತು. ಅವಳ ಪರವಾಗಿ ಮಾತಾಡುವ ಐನೂರ್ವರಿರಲಿಲ್ಲ, ತಪ್ಪು ಮಾತ್ರ ಸಂಘದ ಲೆಕ್ಕದಲ್ಲಿ ಎಲ್ಲರ ತಲೆಗೂ ಹಂಚಿಕೆಯಾಯಿತು.

ಇದಕ್ಕಿಂತ ನನ್ನನ್ನು ಕೆಣಕುವುದು ಅರ್ಜಿಯ ಇನ್ನೊಂದು ಸಾಲು: ನಿಮ್ಮ ದೇಶದ ನಿಯಂತ್ರಣ ಮಂಡಳಿಯ ನೋಂದಣಿ, ಅದರ ಸನ್ನಡತೆ ಪತ್ರ. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ಇತ್ತು, ನರ್ಸಿಗೆ ನರ್ಸಿಂಗ್ ಕೌನ್ಸಿಲ್ ಇತ್ತು. ಫಿಸಿಯೋಥೆರಪಿಸ್ಟಿಗೆ ದೇಶಕ್ಕೆಲ್ಲ ಒಂದು ಎಂಬ ಶಾಸನಬದ್ಧ ಮಂಡಳಿ ಇರಲಿಲ್ಲ. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಫಿಸಿಯೋಥೆರಪಿ ಕೇಂದ್ರವನ್ನು ನೋಂದಾಯಿಸಬಹುದಿತ್ತು. ಅದು ಬೋರ್ಡು ತೂಗುಹಾಕಿದ ಜಾಗಕ್ಕೆ ಸಿಗುವ ನೋಂದಣಿ, ಒಳಗೆ ಮೊಣಕಾಲು ಬಗ್ಗಿಸುತ್ತಿರುವ ಮನುಷ್ಯನಿಗಲ್ಲ. 1955ರಲ್ಲಿ ಹುಟ್ಟಿದ ಫಿಸಿಯೋಥೆರಪಿಸ್ಟರ ಅಖಿಲ ಭಾರತ ಸಂಘವೇನೋ ಇದೆ. ಆದರೆ ಈ ಕಾಲದಲ್ಲಿ ಸಂಘದ ಮಾತು ಸಾಲದು, ಸರ್ಕಾರದ ಮೊಹರು ಬೇಕು. ಹೊರಗೆ ಹೋದ ಮೇಲೆ ಪರದೇಶಿಯಾಗುವುದು ಇರಲಿ, ನಮ್ಮ ಆಡುಮಾತಿನ ಅರ್ಥದಲ್ಲಿ ಇವರು ಹೊರಡುವ ಮೊದಲೇ ಪರದೇಶಿಗಳು.

2021ರ ಮಾರ್ಚ್‌ನಲ್ಲಿ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಫಿಸಿಯೋಥೆರಪಿಯೂ ಅದರೊಳಗೆ ಸೇರಿತು. ಕೇಂದ್ರಕ್ಕೊಂದು ದಾಖಲೆ ಪುಸ್ತಕ, ರಾಜ್ಯಕ್ಕೊಂದು ಮಂಡಳಿ ಎಂದು ಬರೆದಾಯಿತು. ಬರೆದದ್ದು ಕುಂಟುತ್ತ ನಡೆದು, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಹಾಕಬೇಕಾಯಿತು. ತಮಾಷೆಯೆಂದರೆ ಇದೇ ಕಾಯ್ದೆಯಡಿ ಹೊರದೇಶದಲ್ಲಿ ಓದಿ ಇಲ್ಲಿಗೆ ಬರುವವರ ಅರ್ಹತೆಯನ್ನು ಪರಿಶೀಲಿಸುವ ಅಧಿಕಾರವೂ ನಮಗೆ ಬಂದಿದೆ. ಇನ್ನು ನಾವೂ "ನಿಮ್ಮ ಮಂಡಳಿ ಯಾವುದು" ಎಂದು ಗತ್ತಿನಿಂದ ಕೇಳಬಹುದು.

ಎಲ್ಲ ದಾಟಿ ಅಮೆರಿಕಕ್ಕೆ ಹೋದ ಹುಡುಗಿಗೆ ಅಲ್ಲಿ ಇನ್ನೊಂದು ಹೆಸರು ಕಾದಿರುತ್ತದೆ. ಪರೀಕ್ಷೆಯಲ್ಲಿ 800ಕ್ಕೆ 600ರ ಗೆರೆ ಮುಟ್ಟಿ, ರಾಜ್ಯದ ಲೈಸೆನ್ಸ್ ಕೈಗೆ ಬಂದ ಮೇಲೆ, ನ್ಯೂಜೆರ್ಸಿಯ ನಮ್ಮವರು ಅವಳನ್ನು 'ದೇಸಿ' ಎನ್ನುತ್ತಾರೆ. ಮಾರ್ಗ, ದೇಸಿ ಎರಡನ್ನೂ ಬೆಸೆದ ಪಂಪನ ಕಾಲದಿಂದ ಬಂದ ಪದ ಈಗ ಬೇಳೆ, ಕರಿಬೇವು ಸಿಗುವ ಅಂಗಡಿಯ ಮುಂದೆಯೂ ಅಂಟಿದೆ. ಕ್ಲಿನಿಕ್ಕಿಗೆ ಬಂದ ಕನ್ನಡದ ಮುದುಕರು ಮಂಡಿ ತೋರಿಸುತ್ತ, ದೇಸಿ ಹುಡುಗಿ ಸಿಕ್ಕಿದ್ದು ಪುಣ್ಯ ಎಂದುಕೊಳ್ಳುತ್ತಾರೆ.

ಹಾಗಾದರೆ ಪರದೇಶಿ ಎಲ್ಲಿ ಹೋದ? ಆ ಹುಡುಗಿಯ ಮನೆಯಲ್ಲೇ ಇದ್ದಾಳೆ. ಮಗಳನ್ನು ನೋಡಲು ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆಂದು ಬಂದ ತಾಯಿ. ಕಾರು ಓಡಿಸಲು ಬಾರದು, ಪಕ್ಕದ ಮನೆಯವರ ಮಾತು ತಿಳಿಯದು, ಮಗಳು ಅಳಿಯ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಊರಿಗೆ ಫೋನ್ ಮಾಡಿದಾಗ ತಂಗಿ ಕೇಳುತ್ತಾಳೆ, ಅಮೆರಿಕ ಹೆಂಗದೆ ಅಂತ. "ಚೆಂದಾಗದೆ ಕನವ್ವ," ಎನ್ನುತ್ತಾಳೆ ಇವಳು, "ಇಡೀ ದಿನ ಪರ್ದೇಸಿ ಕೂತಂಗೆ ಕೂತಿವ್ನಿ."