ಧಾನ್ಯ ರಫ್ತು: ಕಣಕಟ್ಟೆಯ ಕಣದಿಂದ ಹಡಗಿನವರೆಗೆ

ಹಾಸನ ಜಿಲ್ಲೆ ಅರಸೀಕೆರೆ ತಾಲೂಕಿನ ಕಣಕಟ್ಟೆ ಮಳೆಯಾಶ್ರಿತ ಹೋಬಳಿ. ರಾಗಿ ಮತ್ತು ತೆಂಗು ಇಲ್ಲಿನ ಮುಖ್ಯ ಬೆಳೆಗಳು, ಮೆಕ್ಕೆಜೋಳವೂ ಉಂಟು. ರಾಗಿ ಬಹುಪಾಲು ರಾಜ್ಯದೊಳಗೇ ಬಳಕೆಯಾಗುತ್ತದೆ. ಸರ್ಕಾರ ಬೆಂಬಲ ಬೆಲೆಗೆ (2025-26ರಲ್ಲಿ ಕ್ವಿಂಟಲ್‌ಗೆ 4,886 ರೂ.) ಖರೀದಿಸಿದ ರಾಗಿ ಪಡಿತರ ಅಂಗಡಿ ಸೇರುತ್ತದೆ. ಕಡಲಾಚೆಯ ಬೆಲೆಯ ಬಿಸಿ ಹೆಚ್ಚಾಗಿ ತಟ್ಟುವುದು ಮೆಕ್ಕೆಜೋಳಕ್ಕೆ.

ಸಾಗಣೆಯ ದಾರಿ

ಅರಸೀಕೆರೆ ರೈಲ್ವೆ ಜಂಕ್ಷನ್. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಹಾಸನದ ಕವಲು ಇಲ್ಲಿಯೇ ಒಡೆಯುತ್ತದೆ. ಹಾಸನ-ಮಂಗಳೂರು ಮಾರ್ಗ ಬ್ರಾಡ್‌ಗೇಜ್‌ಗೆ ಪರಿವರ್ತನೆಯಾಗಿ 2006ರಲ್ಲಿ ಸರಕು ಸಂಚಾರ ಆರಂಭವಾಯಿತು. ಆದರೆ ಸಕಲೇಶಪುರ-ಸುಬ್ರಹ್ಮಣ್ಯ ರಸ್ತೆ ನಡುವಿನ ಸುಮಾರು 55 ಕಿ.ಮೀ. ಘಾಟಿ ಕಡಿದಾಗಿದ್ದು, ಮಳೆಗಾಲದಲ್ಲಿ ಭೂಕುಸಿತದ ಭಯವಿದೆ. ಘಾಟಿಯಾಚೆಗಿನ ನವಮಂಗಳೂರು ಬಂದರು ಕಚ್ಚಾತೈಲ, ಅನಿಲ, ಕಲ್ಲಿದ್ದಲಿಗೆ ಹೆಸರುವಾಸಿ. ಕಾಫಿ, ಗೋಡಂಬಿ ಕಂಟೇನರ್‌ಗಳಲ್ಲಿ ಹೋಗುತ್ತವೆ.

ಧಾನ್ಯಕ್ಕೆ ಬೇಕಾದದ್ದು ಪ್ರಮಾಣ. 25,000 ಟನ್ ಹೊರುವ ಸಾಧಾರಣ ಹಡಗು ತುಂಬಲು, ತಲಾ 20 ಕ್ವಿಂಟಲ್ ಮಾರುವ 12,500 ರೈತರ ಫಸಲು ಒಂದೆಡೆ ಸೇರಬೇಕು. ಚದುರಿದ ಈ ಫಸಲನ್ನು ಕೂಡಿಸುವವನೇ ವ್ಯಾಪಾರಿ. ಒಣಗಿಸುವುದು, ಚೀಲ, ಹಮಾಲಿ, ಗೋದಾಮು, ಬಡ್ಡಿ ಎಲ್ಲವೂ ಆತನ ಲೆಕ್ಕಕ್ಕೆ ಬರುತ್ತವೆ.

ಬೆಲೆಯ ಲೆಕ್ಕ

ರಫ್ತು ದರ ನಿರ್ಧಾರವಾಗುವುದು ಅಂತರರಾಷ್ಟ್ರೀಯ ಪೇಟೆಯಲ್ಲಿ, ಡಾಲರ್‌ನಲ್ಲಿ. ಹಡಗಿಗೆ ಏರಿಸಿದಾಗಿನ ದರದಿಂದ ಬಂದರು ಶುಲ್ಕ, ಸಾಗಣೆ, ವ್ಯಾಪಾರಿಯ ಲಾಭ ಕಳೆದು ಉಳಿದದ್ದು ರೈತನ ಪಾಲು. ಕೊಳ್ಳುವ ದೇಶವು ಹಡಗು ಬಾಡಿಗೆಯನ್ನೂ ಸೇರಿಸಿ ಬೆಲೆಗಳನ್ನು ತೂಗುವುದರಿಂದ ಬಾಡಿಗೆ ಏರಿದರೂ ಹೊರೆ ಹಿಂದಕ್ಕೇ ಜಾರುತ್ತದೆ. ಟನ್‌ಗೆ 500 ರೂ. ಖರ್ಚು ಹೆಚ್ಚಿದರೆ ಕ್ವಿಂಟಲ್‌ಗೆ 50 ರೂ. ಖೋತಾ. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ನಡೆದು ಅನೇಕ ಹಡಗುಗಳು ಆಫ್ರಿಕಾ ಸುತ್ತಿ ಸಾಗಿದಾಗ ಆ ಮಾರ್ಗದ ಬಾಡಿಗೆ ಜಿಗಿದಿತ್ತು.

ನೀತಿಯ ಪಾತ್ರ

2008ರಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಕೇಂದ್ರ ಸರ್ಕಾರ ಮೆಕ್ಕೆಜೋಳ ರಫ್ತು ನಿಷೇಧಿಸಿತು. 2012-13ರಲ್ಲಿ ರಫ್ತು 40 ಲಕ್ಷ ಟನ್ ಮೀರಿತು. ಬಳಿಕ ಕೋಳಿ ಆಹಾರದ ಜೊತೆಗೆ ಎಥೆನಾಲ್‌ನ ಬೇಡಿಕೆಯೂ ಬೆಳೆದು, 2024ರಲ್ಲಿ ದೇಶವೇ ಮೆಕ್ಕೆಜೋಳ ಆಮದು ಮಾಡಿಕೊಂಡಿತು. ಗೋಧಿಗೆ 2022ರ ಮೇ 13ರಂದು, ಬಾಸ್ಮತಿಯೇತರ ಬಿಳಿ ಅಕ್ಕಿಗೆ 2023ರ ಜುಲೈ 20ರಂದು ರಫ್ತು ನಿಷೇಧ ಬಿತ್ತು; ಅಕ್ಕಿಯ ನಿಷೇಧ 2024ರ ಸೆಪ್ಟೆಂಬರ್‌ನಲ್ಲಿ ತೆರವಾಯಿತು.

ಇಂಥ ಆದೇಶಗಳು ನಗರದ ಗ್ರಾಹಕನಿಗೆ ನೆಮ್ಮದಿ ತಂದರೂ, ಬಿತ್ತಿದ ಮೇಲೆ ಬಂದರೆ ರೈತನಿಗೆ ಬೇರೆ ದಾರಿಯಿಲ್ಲ. ವ್ಯಾಪಾರಿ ಖರೀದಿ ನಿಲ್ಲಿಸಬಲ್ಲ, ಹಡಗು ಬೇರೆ ಬಂದರಿಗೆ ತಿರುಗಬಲ್ಲದು. ಕಣದಲ್ಲಿನ ರಾಶಿ ಮಾತ್ರ ಕಾಯಲಾರದು.