ಬಿಎಕ್ಸ್2: ಸಿಯಾಟಲ್‌ನ ಒಂದು ನೊಣದ ತಳಿಯ ಕುರಿತು

ಪ್ರಯೋಗಾಲಯದ ಹಳೆಯ ತಳಿಯ ಹೆಣ್ಣು ಹಣ್ಣಿನ ನೊಣವನ್ನು ಹೊರಗಿನಿಂದ ಹಿಡಿದು ತಂದ ಗಂಡಿನೊಡನೆ ಕೂಡಿಸಿದಾಗ ಸಂತತಿ ಬಂಜೆಯಾಗುವುದುಂಟು. ಅದಲುಬದಲು ಮಾಡಿ ಕೂಡಿಸಿದರೆ ಸಂತತಿಗೆ ತೊಂದರೆಯಿಲ್ಲ. ಕಿಡ್ವೆಲ್ ದಂಪತಿ ಮತ್ತು ಸ್ವೆಡ್ 1977ರಲ್ಲಿ ವಿವರಿಸಿದ ಈ 'ಹೈಬ್ರಿಡ್ ಡಿಸ್‌ಜೆನೆಸಿಸ್'ಗೆ ಕಾರಣ 2907 ಬೇಸ್‌ಗಳ ಪಿ ಅಂಶ ಎಂಬ ಜಿಗಿಯುವ ಡಿಎನ್‌ಎ ತುಣುಕೆಂದು ಮುಂದೆ ತಿಳಿಯಿತು. ಅದನ್ನು ಅಡಗಿಸುವ, ಪೈಆರ್‌ಎನ್‌ಎ ಎಂಬ ಕಿರು ಆರ್‌ಎನ್‌ಎಗಳು ಮೊಟ್ಟೆಯ ಮೂಲಕ ತಾಯಿಯಿಂದಷ್ಟೇ ಬರುತ್ತವೆಂದು ಬ್ರೆನೆಕೆ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಆದರೆ ತಾಯಿಯ ಆ ಕೊಡುಗೆ ಮುಂದಿನ ಪೀಳಿಗೆಗಳಲ್ಲೂ ಉಳಿಯುವುದು ಹೇಗೆ? ಇದಕ್ಕೆ ಉತ್ತರ ದೊರಕಿದ್ದರಲ್ಲಿ ಸಿಯಾಟಲ್‌ನ ಪಾಲು ದೊಡ್ಡದು. ಅದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದೇ ನನ್ನ ಭಾವನೆ.

ಅಲ್ಲಿನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಡೋರರ್ ಮತ್ತು ಹೆನಿಕಾಫ್ 1994ರಲ್ಲಿ ಹುಡುಕುತ್ತಿದ್ದುದು ಬೇರೆಯದನ್ನೇ. ಕಣ್ಣಿಗೆ ಬಣ್ಣ ಕೊಡುವ 'ವೈಟ್' ಜೀನನ್ನು ಹೊತ್ತ ಪಿ ಅಂಶವೊಂದನ್ನು ಬಳಸಿ, ಅದರ ಪ್ರತಿಗಳು ಒಂದೇ ಜಾಗದಲ್ಲಿ ಸಾಲಾಗಿ ಹೆಚ್ಚುವಂತೆ ಮಾಡಿದರು. ಪ್ರತಿಗಳು ಹೆಚ್ಚಾದರೆ ಬಣ್ಣವೂ ಗಾಢವಾಗಬೇಕಲ್ಲವೆ? ಆದದ್ದು ತದ್ವಿರುದ್ಧ. ಮೂರು ಅಥವಾ ಹೆಚ್ಚು ಪ್ರತಿಗಳಿದ್ದ ನೊಣಗಳ ಕಣ್ಣಿನಲ್ಲಿ ಬಣ್ಣವಿದ್ದ, ಬಣ್ಣವಿಲ್ಲದ ತೇಪೆಗಳು ಮೂಡಿದವು: ಸಾಲು ಬೆಳೆದಂತೆ ಅಲ್ಲಿನ ಡಿಎನ್‌ಎ ಮುದುಡಿ ಜೀನು ಮೌನವಾಗುತ್ತಿತ್ತು. ಏಳು ಪ್ರತಿಗಳ ತಳಿಯೇ ಬಿಎಕ್ಸ್2. ಅದನ್ನು ಎಕ್ಸ್ ಕಿರಣಕ್ಕೊಡ್ಡಿ ಪಡೆದದ್ದು ಟಿ-1.

ಈ ತಳಿಗಳು ಪ್ಯಾರಿಸ್‌ನ ರೋನ್ಸೆರೆ ತಂಡದ ಕೈ ಸೇರಿದವು. ಟಿ-1 ಅಂಡಾಶಯದಲ್ಲಿ ಪೈಆರ್‌ಎನ್‌ಎ ತಯಾರಿಸುತ್ತಿತ್ತು, ಬಿಎಕ್ಸ್2 ತಯಾರಿಸುತ್ತಿರಲಿಲ್ಲ. ಟಿ-1 ತಾಯಿಗೂ ಬಿಎಕ್ಸ್2 ತಂದೆಗೂ ಹುಟ್ಟಿದವುಗಳ ಸಂತತಿಯಲ್ಲಿ, ಟಿ-1 ವರ್ಣತಂತು ಬಾರದೆ ಬಿಎಕ್ಸ್2 ಮಾತ್ರ ಬಂದ ನೊಣಗಳನ್ನು ಆರಿಸಿದರು. ಅವುಗಳ ಬಿಎಕ್ಸ್2 ಈಗ ತಾನಾಗಿಯೇ ಪೈಆರ್‌ಎನ್‌ಎ ತಯಾರಿಸತೊಡಗಿತ್ತು. ಡಿಎನ್‌ಎ ಬದಲಾಗದೆಯೇ ಬಂದ ಈ ಗುಣ 50 ಪೀಳಿಗೆಗಳವರೆಗೆ ಉಳಿದದ್ದು 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಸಿಯಾಟಲ್‌ನ ಇನ್ನೊಂದು ಎಳೆಯೂ ಇಲ್ಲಿಗೆ ಬಂದು ಸೇರುತ್ತದೆ. ಅದೇ ಕೇಂದ್ರದ ವರ್ಮಾಕ್, ಹೆನಿಕಾಫ್ ಮತ್ತು ಬಾಂಬೆ ಐಐಟಿಯಲ್ಲಿ ಓದಿದ ಹರ್ಮಿತ್ ಮಲಿಕ್, 'ರೈನೊ' ಎಂಬ ಅಂಡಾಶಯದ ಪ್ರೋಟೀನು ಅಸಾಧಾರಣ ವೇಗದಲ್ಲಿ ವಿಕಾಸಗೊಂಡಿದೆಯೆಂದು 2005ರಲ್ಲಿ ಗುರುತಿಸಿದ್ದರು. ರೈನೊ ಇಲ್ಲದಿದ್ದರೆ ಪೈಆರ್‌ಎನ್‌ಎ ತಯಾರಿಕೆ ಕುಸಿಯುತ್ತದೆಂದು 2009ರಲ್ಲಿ ಗೊತ್ತಾಯಿತು. 2014ರಲ್ಲಿ ಟಿ-1 ಮತ್ತು ಬಿಎಕ್ಸ್2 ಸಾಲುಗಳನ್ನು ಹೋಲಿಸಿದವರು, ಪೈಆರ್‌ಎನ್‌ಎ ತಯಾರಿಸುವ ಸಾಲಿನ ಮೇಲೆ ರೈನೊ ಹೆಚ್ಚು ಕೂತಿರುವುದನ್ನು ಕಂಡರು.