ಇಂಧನದಿಂದ ಮಲಿನಗೊಂಡ ಮಣ್ಣು ಮತ್ತು ಅಂತರ್ಜಲದ ಶುದ್ಧೀಕರಣ

ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಮುಂತಾದ ಇಂಧನಗಳು ಸೋರಿ ಮಣ್ಣಿಗೆ ಇಳಿದಾಗ ಅವುಗಳ ವ್ಯಾಪ್ತಿಯನ್ನು ಪತ್ತೆಹಚ್ಚಿ, ಮಣ್ಣು ಮತ್ತು ಅಂತರ್ಜಲದಿಂದ ತೆಗೆದುಹಾಕುವ ಅಥವಾ ನಿರುಪದ್ರವಗೊಳಿಸುವ ಕಾರ್ಯವೇ ಇಂಧನ ಮಾಲಿನ್ಯದ ಶುದ್ಧೀಕರಣ. ಪೆಟ್ರೋಲ್ ಬಂಕ್‌ಗಳ ನೆಲದಡಿಯ ಟ್ಯಾಂಕುಗಳು, ತೈಲ ಕೊಳವೆಮಾರ್ಗಗಳು, ಟ್ಯಾಂಕರ್ ಅಪಘಾತಗಳು ಮತ್ತು ಗ್ಯಾರೇಜುಗಳು ಈ ಮಾಲಿನ್ಯದ ಸಾಮಾನ್ಯ ಮೂಲಗಳು. ಕರ್ನಾಟಕದ ಚಿತ್ರದುರ್ಗ ಜಿಲ್ಲೆಯಂತಹ ಗಟ್ಟಿಶಿಲೆಯ ಪ್ರದೇಶಗಳಲ್ಲಿ ಶುದ್ಧೀಕರಣಕ್ಕಿಂತ ಮಾಲಿನ್ಯದ ದಾರಿಯನ್ನು ಪತ್ತೆಹಚ್ಚುವುದೇ ಹೆಚ್ಚು ಕಠಿಣ.

ಇಂಧನದ ಸ್ವಭಾವ

ಪೆಟ್ರೋಲ್ ಮತ್ತು ಡೀಸೆಲ್ ನೀರಿಗಿಂತ ಹಗುರ. ಆದ್ದರಿಂದ ಅವು ಅಂತರ್ಜಲದ ಮಟ್ಟವನ್ನು ತಲುಪಿದಾಗ ಅದರ ಮೇಲೆ ತೇಲುತ್ತವೆ. ಅವುಗಳಲ್ಲಿನ ಬೆಂಜೀನ್, ಟಾಲ್ಯೂಯೀನ್, ಈಥೈಲ್‌ಬೆಂಜೀನ್ ಮತ್ತು ಕ್ಸೈಲೀನ್‌ಗಳು ಸ್ವಲ್ಪ ಪ್ರಮಾಣದಲ್ಲಿ ನೀರಿನಲ್ಲಿ ಕರಗಿ, ನೀರು ಹರಿಯುವ ದಿಕ್ಕಿನಲ್ಲಿ ಸಾಗುತ್ತವೆ. ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತು. ಕುಡಿಯುವ ನೀರಿನಲ್ಲಿ ಅದರ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಇಂಧನದ ಆವಿಯು ಮಣ್ಣಿನ ಸಂದುಗಳ ಮೂಲಕ ಮೇಲೇರಿ ಕಟ್ಟಡಗಳನ್ನೂ ಬಾವಿಗಳನ್ನೂ ಸೇರಿದರೆ ಬೆಂಕಿಯ ಅಪಾಯವೂ ಉಂಟಾಗುತ್ತದೆ.

ಚಿತ್ರದುರ್ಗ ಜಿಲ್ಲೆಯ ಪರಿಸ್ಥಿತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ನೈಸ್ ಮತ್ತು ಶಿಸ್ಟ್ ಶಿಲೆಗಳ ಅರೆಶುಷ್ಕ ಪ್ರದೇಶದಲ್ಲಿವೆ. ಇಲ್ಲಿನ ಅಂತರ್ಜಲವು ಮೇಲ್ಭಾಗದ ಶಿಥಿಲಗೊಂಡ ಪದರದಲ್ಲೂ ಅದರಡಿಯ ಬಂಡೆಯ ಬಿರುಕುಗಳಲ್ಲೂ ಇರುತ್ತದೆ. ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ ತೋಟಗಳೂ ಅನೇಕ ಗ್ರಾಮಗಳ ಕುಡಿಯುವ ನೀರೂ ಕೊಳವೆಬಾವಿಗಳನ್ನು ಅವಲಂಬಿಸಿವೆ. ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು ಮತ್ತು ಚಿತ್ರದುರ್ಗದ ಮೂಲಕ ಹಾದುಹೋಗುವುದರಿಂದ ಇಂಧನ ಸಾಗಾಟವೂ ಮಾರಾಟವೂ ಈ ಮಾರ್ಗದುದ್ದಕ್ಕೂ ನಡೆಯುತ್ತವೆ.

ಮರಳು ಮಣ್ಣಿನಲ್ಲಿ ಮಾಲಿನ್ಯವು ಬಹುಮಟ್ಟಿಗೆ ಅಂತರ್ಜಲದ ಇಳಿಜಾರಿನಂತೆ ಹರಡುತ್ತದೆ. ಬಿರುಕುಬಿಟ್ಟ ಬಂಡೆಯಲ್ಲಿ ಹಾಗಲ್ಲ: ಸಮೀಪದ ಬಾವಿ ಶುದ್ಧವಾಗಿದ್ದು, ಬಿರುಕಿನ ಸಂಪರ್ಕವಿರುವ ದೂರದ ಕೊಳವೆಬಾವಿ ಮಲಿನಗೊಳ್ಳಬಹುದು. ಸರಿಯಾಗಿ ಕೇಸಿಂಗ್ ಇಳಿಸದ ಅಥವಾ ಕೈಬಿಟ್ಟ ಕೊಳವೆಬಾವಿಯು ಇಂಧನವನ್ನು ಆಳಕ್ಕೆ ಒಯ್ಯುವ ದಾರಿಯಾಗುತ್ತದೆ. ಬರಗಾಲದಲ್ಲಿ ನೀರಿನ ಮಟ್ಟ ಕುಸಿದಾಗ ತೇಲುವ ಇಂಧನವೂ ಕೆಳಗಿಳಿದು ಬಂಡೆಗೆ ಅಂಟಿಕೊಳ್ಳುತ್ತದೆ. ಹೆಚ್ಚು ಮಳೆಯಾದಾಗ ಮೇಲೇರುವ ನೀರಿಗೆ ಅದು ಮತ್ತೆ ಬೆರೆಯುತ್ತದೆ. ಈ ಏರಿಳಿತ ಜಿಲ್ಲೆಯಲ್ಲಿ ತೀವ್ರವಾಗಿದೆ. ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ.

ತನಿಖೆ

ತನಿಖೆಯು ಟ್ಯಾಂಕಿನ ದಾಸ್ತಾನು ಲೆಕ್ಕದ ವ್ಯತ್ಯಾಸ, ಹಳೆಯ ಟ್ಯಾಂಕುಗಳ ಸ್ಥಾನ ಮತ್ತು ಸುತ್ತಲಿನ ಬಾವಿಗಳ ಪಟ್ಟಿಯಿಂದ ಆರಂಭವಾಗುತ್ತದೆ. ಅನಂತರ ಮಣ್ಣಿನ ಆವಿ, ಮಣ್ಣು ಮತ್ತು ನೀರಿನ ಮಾದರಿಗಳನ್ನು ಪರೀಕ್ಷಿಸಲಾಗುತ್ತದೆ. ಇಂಧನದ ಘಟಕಗಳು ಬೇಗ ಆವಿಯಾಗುವುದರಿಂದ ನೀರಿನ ಮಾದರಿಯನ್ನು ಗಾಳಿಗುಳ್ಳೆ ಉಳಿಯದಂತೆ ಗಾಜಿನ ಸೀಸೆಯಲ್ಲಿ ತುಂಬಿ, ತಂಪಾಗಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಗಟ್ಟಿಶಿಲೆಯಲ್ಲಿ ಬಿರುಕುಗಳ ದಿಕ್ಕನ್ನು ತಿಳಿಯಲು ವಿದ್ಯುತ್ ರೋಧ ಸಮೀಕ್ಷೆ ಮತ್ತು ಪಂಪಿಂಗ್ ಪರೀಕ್ಷೆಗಳನ್ನು ನಡೆಸುತ್ತಾರೆ.

ಶುದ್ಧೀಕರಣ ವಿಧಾನಗಳು

ಸೋರಿಕೆಯನ್ನು ನಿಲ್ಲಿಸುವುದು ಮತ್ತು ತೇಲುವ ಇಂಧನವನ್ನು ಹೊರತೆಗೆಯುವುದು ಮೊದಲ ಹೆಜ್ಜೆಗಳು. ಹೆಚ್ಚು ಮಲಿನವಾದ ಮಣ್ಣನ್ನು ಅಗೆದು ಸಾಗಿಸಬಹುದು, ಅಥವಾ ನಿರ್ವಾತದ ಮೂಲಕ ಅದರ ಆವಿಯನ್ನು ಹೀರಿ ತೆಗೆಯಬಹುದು. ಮಲಿನ ನೀರನ್ನು ಮೇಲೆತ್ತಿ ಸಕ್ರಿಯ ಇಂಗಾಲದ ಮೂಲಕ ಹಾಯಿಸುವುದು ಇನ್ನೊಂದು ವಿಧಾನ; ಬಂಡೆಯ ಸಂದುಗಳಲ್ಲಿ ಉಳಿದ ಇಂಧನ ನಿಧಾನವಾಗಿ ಕರಗುವುದರಿಂದ ಇದಕ್ಕೆ ಹಲವು ವರ್ಷಗಳು ಹಿಡಿಯಬಹುದು. ಮಣ್ಣಿನ ಬ್ಯಾಕ್ಟೀರಿಯಾಗಳು ಇಂಧನವನ್ನು ವಿಘಟಿಸುತ್ತವೆ. ಆಮ್ಲಜನಕ ಮತ್ತು ಪೋಷಕಾಂಶಗಳನ್ನು ಒದಗಿಸಿ ಈ ಕ್ರಿಯೆಯನ್ನು ಚುರುಕುಗೊಳಿಸುವುದನ್ನು ಜೈವಿಕ ಶುದ್ಧೀಕರಣ ಎನ್ನುತ್ತಾರೆ. ಭಾರತದಲ್ಲಿ ಟೆರಿ ಸಂಸ್ಥೆಯು ಇದಕ್ಕಾಗಿ 'ಆಯಿಲ್‌ಝ್ಯಾಪರ್' ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ಅಭಿವೃದ್ಧಿಪಡಿಸಿದೆ. ಪೆಟ್ರೋಲಿಗೆ ಬೆರೆಸಿದ ಎಥನಾಲನ್ನು ಬ್ಯಾಕ್ಟೀರಿಯಾಗಳು ಮೊದಲು ಸೇವಿಸುವುದರಿಂದ ಬೆಂಜೀನ್‌ನ ವಿಘಟನೆ ತಡವಾಗಬಹುದು.

ಬಳಕೆದಾರರ ಸುರಕ್ಷತೆ

ನೀರಿನಲ್ಲಿ ಇಂಧನದ ವಾಸನೆ ಬಂದರೆ ಅದನ್ನು ಕುಡಿಯಲು, ಅಡುಗೆಗೆ ಮತ್ತು ಸ್ನಾನಕ್ಕೆ ಬಳಸಬಾರದು. ಕುದಿಸಿದರೆ ಬೆಂಜೀನ್ ಆವಿಯಾಗಿ ಮನೆಯ ಗಾಳಿಗೆ ಸೇರುತ್ತದೆ. ಫ್ಲೋರೈಡ್ ನಿವಾರಣೆಗೆ ಬಳಸುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಇಂಧನ ನಿವಾರಣೆಗಾಗಿ ರೂಪಿಸಿಲ್ಲ. ಪಕ್ಕದ ಕೊಳವೆಬಾವಿಯಿಂದ ಹೆಚ್ಚು ನೀರೆತ್ತಿದರೆ ಮಾಲಿನ್ಯವು ಅತ್ತ ಸೆಳೆಯಲ್ಪಡುತ್ತದೆ.

ಕಾನೂನು

ಚೆನ್ನೈನ ತಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ನೆಲದಡಿಯ ಕೊಳವೆಮಾರ್ಗದ ಸೋರಿಕೆಯಿಂದ ಮನೆಗಳ ಬಾವಿಗಳಲ್ಲಿ ತೈಲ ಕಾಣಿಸಿಕೊಂಡ ಪ್ರಕರಣವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತು. 2025ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಪರಿಸರ ಸಂರಕ್ಷಣಾ ಕಾಯ್ದೆ 1986ರಡಿ ಮಲಿನ ಸ್ಥಳಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಇವುಗಳ ಪ್ರಕಾರ ಶಂಕಿತ ಸ್ಥಳಗಳ ಬಗ್ಗೆ ಜಿಲ್ಲಾಡಳಿತವು ಆರು ತಿಂಗಳಿಗೊಮ್ಮೆ ವರದಿ ಸಿದ್ಧಪಡಿಸಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಅವುಗಳನ್ನು ಪರಿಶೀಲಿಸಬೇಕು ಮತ್ತು ಶುದ್ಧೀಕರಣದ ವೆಚ್ಚವನ್ನು ಮಾಲಿನ್ಯಕ್ಕೆ ಕಾರಣರಾದವರು ಭರಿಸಬೇಕು.